ಒಡೆಯಲೆಂದು ಒಂದು ಯೂರೋಗೆ ಮಾರಿದ ಬಿಳಿ ಟರ್ಬೊ ಕಾರಿನ ಬಗ್ಗೆ ಒಡೀಲ್ ಮೂಜೋ ಅವರ ಹೇಳಿಕೆ

ನಾನು, ಒಡೀಲ್ ಮೂಜೋ, ವಯಸ್ಸು ಅರವತ್ತೆರಡು, ಫ್ರೆಂಚ್ ಪ್ರಜೆ, ಹಿಂದೆ ಊರಿನವರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದವಳು, ಈಗ ಪಿಂಚಣಿಯಲ್ಲಿರುವವಳು, ವಾಸ ಓತ್-ಮಾರ್ನ್ ಜಿಲ್ಲೆಯ ವೋಬ್ರೇ ಗ್ರಾಮ, ಚರ್ಚಿನ ಹಿಂದಿನ ಬೀದಿ, ಇಂದು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ತಿಳಿಸುತ್ತಿರುವುದೇನೆಂದರೆ:

ನನ್ನ ದೂರು ಇದೇ ಊರಿನ ಫ್ಲೋರಿಯಾನ್ ಪಿಕಾರ್ಡೆ ಎಂಬವನ ಮೇಲೆ. ಅವನು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಗೋಧಿ ಕೊಯ್ದ ಹೊಲದಲ್ಲಿ ಹಳೇ ಕಾರುಗಳನ್ನು ಒಂದಕ್ಕೊಂದು ಗುದ್ದಿಸಿ ಪುಡಿ ಮಾಡುವ ಡಿಕ್ಕಿ ಪಂದ್ಯಕ್ಕೂ ಅವನೇ ಮುಖ್ಯಸ್ಥ. ನಾನು ಅವನಿಗೆ ಆ ಪಂದ್ಯದಲ್ಲಿ ಒಡೆಯಲೆಂದು ಒಂದು ಕಾರು ಮಾರಿದೆ. ಅವನು ಒಡೆಯಲಿಲ್ಲ. ಬೇರೆ ಕಾರು ಒಡೆದು ಊರೆದುರಿಗೆ ನನ್ನನ್ನು ಪೆದ್ದಿಯನ್ನಾಗಿ ಮಾಡಿದ. ಕಾರು ಮರಳಿ ಸಿಗದಿದ್ದರೂ ಈ ಮೋಸ ಕಾಗದದ ಮೇಲೆ ಇರಬೇಕು.

ಕಾರಿನ ವಿವರ ಕೇಳಿದ್ದರಿಂದ ಹೇಳುತ್ತೇನೆ. ರೆನೋ 5 ಜಿಟಿ ಟರ್ಬೊ, ಬಿಳಿ ಬಣ್ಣ, ಮೂರು ಬಾಗಿಲು. ನನ್ನ ಪತಿ ರೇಜಿಸ್ ಮೂಜೋ ಅದನ್ನು 1987ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಕೊಂಡರು. ನಮ್ಮ ಮದುವೆ ಅದೇ ವರ್ಷ ಜೂನ್‌ನಲ್ಲಿ ಆಗಿತ್ತು. ಮದುವೆಗೆ ಬಂದ ಉಡುಗೊರೆಯ ಹಣವೆಲ್ಲ ಅದಕ್ಕೆ ಹೋಯಿತು. ನನ್ನ ತಾಯಿ ಕೊಟ್ಟ ಫ್ಲಾನೆಲ್ ಹೊದಿಕೆಯೂ ಅದಕ್ಕೇ ಹೋಯಿತು. ಮೂವತ್ತಾರು ವರ್ಷ ಆ ಹೊದಿಕೆ ಕಾರಿನ ಮೇಲಿತ್ತು, ನಾನು ಉಣ್ಣೆಯ ಕಂಬಳಿಯಲ್ಲಿ ಮೈ ಕೆರೆದುಕೊಂಡು ಮಲಗಿದೆ.

ರೇಜಿಸ್ ಕತ್ತರಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನನ್ನ ಕಸುಬಿಗೆ ಬೇಕಾದ ಕತ್ತರಿ ಅವರ ಕೈಯಲ್ಲೇ ಸಿದ್ಧವಾಗುತ್ತಿತ್ತು. ಒಂದನ್ನೂ ಅವರು ಮನೆಗೆ ತರಲಿಲ್ಲ. ಭಾನುವಾರ ಆ ಕಾರಿನಲ್ಲಿ ಒಬ್ಬರೇ ಗುಡ್ಡದ ರಸ್ತೆಗೆ ಹೋಗುತ್ತಿದ್ದರು. ಮರಳಿ ಬಂದ ಮೇಲೆ ಎಂಜಿನ್ ನಿಲ್ಲಿಸದೆ ಒಳಗೇ ಕೂತಿರುತ್ತಿದ್ದರು, ಟರ್ಬೊ ತಣ್ಣಗಾಗಬೇಕೆಂದು. ನಿಲ್ಲಿಸಿದ ಮೇಲೂ ಒಳಗಿನ ಫ್ಯಾನ್ ತಿರುಗುತ್ತಿತ್ತು, ಅದು ನಿಲ್ಲುವವರೆಗೆ ಬಾನೆಟ್ ಮೇಲೆ ಕೈಯಿಟ್ಟು ನಿಂತಿರುತ್ತಿದ್ದರು. ಅಷ್ಟು ಹೊತ್ತಿಗೆ ಮೇಜಿನ ಮೇಲೆ ಊಟ ಆರಿ ಹೋಗಿರುತ್ತಿತ್ತು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ನೆನಪಿಲ್ಲ.

ಆ ಕಾರು ಮಳೆಗೆ ಹೊರಗೆ ಬರುತ್ತಿರಲಿಲ್ಲ. 1996ರ ನವೆಂಬರ್‌ನಲ್ಲಿ ನನ್ನ ತಾಯಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಉಸಿರು ನಿಲ್ಲುತ್ತಿದೆ, ಬೇಗ ಬನ್ನಿ ಎಂದು ಮಧ್ಯಾಹ್ನ ಫೋನ್ ಬಂತು. ಆಸ್ಪತ್ರೆ ನಮ್ಮ ಮನೆಯಿಂದ ಮೂವತ್ತೈದು ಕಿಲೋಮೀಟರ್. ದಿನಬಳಕೆಯ ಕಾರು ರಿಪೇರಿಗೆ ಹೋಗಿತ್ತು. ಹೊರಗೆ ಮಳೆ. ರೇಜಿಸ್ ಕಿಟಕಿಯಿಂದ ಆಕಾಶ ನೋಡಿ, "ಸ್ವಲ್ಪ ಮಳೆ ನಿಲ್ಲಲಿ, ಆಮೇಲೆ ಹೊರಡೋಣ" ಎಂದರು. ನಾನು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಮಳೆ ನಿಲ್ಲಲಿಲ್ಲ. ಸಂಜೆಯ ಬಸ್ಸಿಗೆ ಹೋದೆ. ತಾಯಿಯ ಬಾಯಿಗೆ ಅಷ್ಟು ಹೊತ್ತಿಗೆ ಸತ್ತವರಿಗೆ ಕಟ್ಟುವ ಪಟ್ಟಿ ಕಟ್ಟಿದ್ದರು. ಈ ವಿಷಯದಲ್ಲಿ ರೇಜಿಸ್ ಅಂದಿನಿಂದ ಇಂದಿನವರೆಗೆ ಒಂದು ಮಾತು ಆಡಿಲ್ಲ. ತಪ್ಪಾಯಿತು ಎನ್ನಲಿಲ್ಲ. ತಪ್ಪಾಗಿದೆ ಎಂದು ಮುಖದಲ್ಲೂ ತೋರಿಸಲಿಲ್ಲ. ಇದಕ್ಕೂ ದೂರಿಗೂ ಏನು ಸಂಬಂಧ ಎಂದು ಅಧಿಕಾರಿ ಕೇಳಿದ್ದಾರೆ. ಸಂಬಂಧ ಇರುವುದರಿಂದಲೇ ಹೇಳುತ್ತಿದ್ದೇನೆ, ಬರೆದುಕೊಳ್ಳಲಿ.

ಕಳೆದ ವರ್ಷ ನವೆಂಬರ್‌ನಲ್ಲಿ ರೇಜಿಸ್‌ಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಬುದ್ಧಿ ನೆಟ್ಟಗಿದೆ, ಕೇಳಿದ್ದೆಲ್ಲ ಅರ್ಥವಾಗುತ್ತದೆ ಎಂದು ವೈದ್ಯರು ಹೇಳಿದರು. ಅದನ್ನು ಕೇಳಿ ನನಗೆ ಸಂತೋಷವಾಯಿತು. ಅರ್ಥವಾಗದವನಿಗೆ ಏನು ಹೇಳಿ ಏನು ಪ್ರಯೋಜನ? ಅವರ ಪರವಾಗಿ ಸಹಿ ಹಾಕುವ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರವನ್ನು ನ್ಯಾಯಾಧೀಶರು ಮಾರ್ಚ್‌ನಲ್ಲಿ ನನಗೆ ಕೊಟ್ಟರು.

ಮೇ ತಿಂಗಳಲ್ಲಿ ಕಾರು ಮಾರಾಟಕ್ಕಿದೆ ಎಂದು ಇಂಟರ್ನೆಟ್‌ನಲ್ಲಿ ಜಾಹೀರಾತು ಹಾಕಿದೆ. ಪೋಸ್ಟ್ ಮಾಡುವ ಮೊದಲು ಅವರಿಗೆ ಜೋರಾಗಿ ಓದಿ ಹೇಳಿದೆ. "ಕೇಳಿಸ್ಕೊಳ್ರೀ. ಒಬ್ಬರೇ ಮಾಲೀಕರು. ಮಳೆ ಕಂಡಿಲ್ಲ, ಸಿಗರೇಟಿನ ಹೊಗೆ ಕಂಡಿಲ್ಲ. ಸೀಟು ಹೊಸದರ ಹಾಗೇ ಇದೆ, ಹೆಂಡತಿ ಕೂತಿದ್ದೇ ಕಮ್ಮಿ. ಹೇಗಿದೆ? ಇನ್ನೇನಾದ್ರೂ ಸೇರಿಸ್ಬೇಕಾ?" ಎಂದು ಕೇಳಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಗಾಲಿಕುರ್ಚಿಯ ಅನುಕೂಲವೆಂದರೆ ಮನುಷ್ಯ ಮುಖ ತಿರುಗಿಸಿದರೆ ಕುರ್ಚಿಯನ್ನೇ ತಿರುಗಿಸಬಹುದು. ನಾನು ತಿರುಗಿಸಿದೆ.

ನೋಡಲು ಜನ ಬಂದರು. ಬಂದಾಗಲೆಲ್ಲ ರೇಜಿಸ್ ಅವರನ್ನು ಗ್ಯಾರೇಜಿನ ಎದುರಿನ ಕಿಟಕಿಗೆ ತಂದು ಕೂರಿಸಿದೆ. ಒಬ್ಬ ಬಾಗಿಲನ್ನು ದಬಾರೆಂದು ಹಾಕಿದ. ಒಬ್ಬ ಎಂಜಿನ್ ಬಿಸಿಯಾಗುವ ಮೊದಲೇ ಎಕ್ಸಿಲರೇಟರ್ ಒತ್ತಿ ಗರ್ಜನೆ ಎಬ್ಬಿಸಿದ. ಆಗ ರೇಜಿಸ್ ಎಡಗೈಯಲ್ಲಿ ಕಿಟಕಿಯ ಗಾಜನ್ನು ಬಡಿದರು. ಇವರಿಗೆ ಕಾಫಿ ಬೇಕೇನೋ ಎಂದು ಆ ಮನುಷ್ಯನಿಗೆ ಹೇಳಿದೆ.

ಕೊನೆಗೆ ನಾನ್ಸಿ ನಗರದಿಂದ ಹಳೇ ಕಾರು ಸಂಗ್ರಹಿಸುವ ಒಬ್ಬ ಸಭ್ಯಸ್ಥರು ಬಂದರು. ಹತ್ತಿಯ ಗವಸು ಹಾಕಿಕೊಂಡು ಬಾಗಿಲು ತೆರೆದರು. ಕೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಒಳಗೆ ಬಂದು ರೇಜಿಸ್ ಅವರ ಎಡಗೈ ಹಿಡಿದು, "ಸಾರ್, ಇಂಥಾ ಗಾಡೀನ ನಾನು ಈ ಕಡೆ ನೋಡೇ ಇಲ್ಲ. ನಿಮ್ಮಷ್ಟೇ ಜೋಪಾನ ಮಾಡ್ತೀನಿ, ಯೋಚ್ನೆ ಬಿಡಿ" ಎಂದರು. ರೇಜಿಸ್ ಮುಖದ ಆಡುವ ಅರ್ಧದಲ್ಲಿ ನೆಮ್ಮದಿ ಕಂಡಿತು. ಆದ್ದರಿಂದ ಅವರಿಗೆ ಮಾರಲಿಲ್ಲ.

ಜೂನ್ ಮೊದಲ ವಾರ ಫ್ಲೋರಿಯಾನ್ ನಮ್ಮ ಹುಲ್ಲು ಕತ್ತರಿಸುವ ಯಂತ್ರ ಸರಿಮಾಡಲು ಬಂದ. ಅವನ ಮೊದಲ ಕೂದಲು ತೆಗೆದವಳು ನಾನು, ತಲೆಯಲ್ಲಿ ಹೇನಿದ್ದಾಗ ಹೊರಗೆ ಹೇಳದೆ ಕಾಪಾಡಿದವಳೂ ನಾನೇ. ರೇಜಿಸ್ ಎದುರಿಗೇ ಅವನನ್ನು ಕೇಳಿದೆ.

"ಏನಪ್ಪಾ, ಈ ಸಲ ಗುದ್ದಾಟಕ್ಕೆ ಗಾಡಿ ಸಿಕ್ತಾ?"

"ಎಲ್ಲಿ ಒಡೀಲಮ್ಮ, ಹಳೇ ಗಾಡಿಗಳೇ ಸಿಗ್ತಿಲ್ಲ ಈಗ."

"ಆ ಬಿಳೀದನ್ನ ತಗೊಂಡ್ಹೋಗು. ಒಂದು ಯೂರೋ ಕೊಡು ಸಾಕು."

ಅವನು ನಕ್ಕ. ನಾನು ನಗದೇ ಇದ್ದದ್ದನ್ನು ನೋಡಿ ಅವನ ನಗು ನಿಂತಿತು. "ತಲೆ ಗಿಲೆ ಕೆಟ್ಟಿದ್ಯಾ ನಿಮಗೆ? ಅದು ಜಿಟಿ ಟರ್ಬೊ. ಅದನ್ನ ಗುದ್ದಿಸೋದಾ? ಯಜಮಾನ್ರು ಇಲ್ಲೇ ಕೂತಿದಾರೆ, ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದ. ಕೂತಿರಲಿ ಎಂದೇ ಹೇಳುತ್ತಿದ್ದೇನೆ ಎಂದು ತಿಳಿಸಿದೆ. ಒಂದೇ ಷರತ್ತು ಹಾಕಿದೆ: ಪಂದ್ಯ ನಡೆಯುವ ಊರ ಹಬ್ಬದ ಭಾನುವಾರ ಅದು ಹೊಲದಲ್ಲಿ ಪುಡಿಯಾಗಬೇಕು, ನಾವಿಬ್ಬರೂ ನೋಡಬೇಕು. ಅವನು ಕಾರನ್ನು ನೋಡಿದ, ರೇಜಿಸ್ ಅವರನ್ನು ನೋಡಿದ, ತಲೆ ಕೆರೆದುಕೊಂಡ. ಆಮೇಲೆ ನಿಧಾನವಾಗಿ ಆಯಿತು ಎಂದ. ಷರತ್ತು ಬರಹದಲ್ಲಿ ಇದೆಯೇ ಎಂದು ಅಧಿಕಾರಿ ಕೇಳಿದ್ದಾರೆ. ಇಲ್ಲ. ಹೇನಿನ ವಿಷಯವೂ ಬರಹದಲ್ಲಿ ಇರಲಿಲ್ಲ, ನಾನು ಮಾತು ಉಳಿಸಿಕೊಂಡೆ.

ಅಲ್ಲೇ ಮೇಜಿನ ಮೇಲೆ ನೋಂದಣಿ ಪತ್ರಕ್ಕೆ ಅಡ್ಡಗೆರೆ ಎಳೆದು, ಮಾರಾಟವಾಗಿದೆ ಎಂದು ದಿನಾಂಕ, ವೇಳೆ ಬರೆದು, ಪತಿಯ ಪರವಾಗಿ ಸಹಿ ಹಾಕಿದೆ. ಗೆರೆ ಎಳೆಯುವುದು ಅವರಿಗೆ ಕಾಣುವಂತೆ ಪತ್ರವನ್ನು ಅವರ ಕಡೆ ತಿರುಗಿಸಿ ಎಳೆದೆ. ಆ ದಿನ ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಕಣ್ಣು ಮುಚ್ಚಿಕೊಂಡರು. ಹೋಗಲಿ, ಹಬ್ಬದ ದಿನ ಅಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಸಲ ಆ ಮನುಷ್ಯ ನನ್ನೆದುರಿಗೆ ಅಳಬೇಕಿತ್ತು.

ಮರುವಾರ ಫ್ಲೋರಿಯಾನ್ ಮತ್ತೆ ಬಂದು, ತಾನು ಪ್ರತಿ ಗುರುವಾರ ಬಿಡಿಭಾಗ ತರಲು ಪಟ್ಟಣಕ್ಕೆ ಹೋಗುತ್ತೇನೆ, ಯಜಮಾನರನ್ನು ನೀವು ಕರೆದೊಯ್ಯುವ ಮಾತಿನ ಚಿಕಿತ್ಸೆಗೆ ಇನ್ನು ತಾನೇ ವ್ಯಾನಿನಲ್ಲಿ ಕರೆದೊಯ್ದು ಬಿಡುತ್ತೇನೆ, ನೀವು ಸ್ವಲ್ಪ ಸುಧಾರಿಸಿಕೊಳ್ಳಿ ಎಂದು ಹೇಳಿದ. ನಾನು ಒಪ್ಪಿದೆ. ಕಾರು ಪುಕ್ಕಟೆ ಸಿಕ್ಕಿದ್ದಕ್ಕೆ ಋಣ ತೀರಿಸುತ್ತಿದ್ದಾನೆ ಎಂದುಕೊಂಡೆ. ಅಂದಿನಿಂದ ರೇಜಿಸ್ ಸೂಪನ್ನು ಪೂರ್ತಿ ಕುಡಿಯಲು ಶುರು ಮಾಡಿದರು. ಗಡ್ಡ ಹೆರೆಯುವಾಗ ಗದ್ದ ಎತ್ತಿಕೊಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆಗಸ್ಟ್ 13ರ ಭಾನುವಾರ ಮಧ್ಯಾಹ್ನ ಅವರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊಲಕ್ಕೆ ಕರೆದೊಯ್ದೆ. ಕುರ್ಚಿಯನ್ನು ಹಗ್ಗದ ಪಕ್ಕದಲ್ಲೇ ನಿಲ್ಲಿಸಿದೆ, ಎದುರಿಗೆ ಯಾರೂ ಅಡ್ಡ ಬರದ ಜಾಗದಲ್ಲಿ. ಬಿಳಿ ಕಾರು ಬಂತು. ಬಾಗಿಲ ಮೇಲೆ ಪಂದ್ಯಕ್ಕೆ ಹಣ ಕೊಟ್ಟ ಬೇಕರಿಯವನ ಹೆಸರು ಬಳಿದಿದ್ದರು. ನಂಬರ್ ಫಲಕ ನಮ್ಮದೇ.

ನಮ್ಮ ಕಡೆ ಒಂದು ಪದ್ಧತಿ ಇದೆ. ಪಂದ್ಯಕ್ಕೆ ಮೊದಲು ಗಾಜುಗಳನ್ನೆಲ್ಲ ತೆಗೆಯಬೇಕು, ಮೊದಲ ಗಾಜನ್ನು ಹಳೇ ಮಾಲೀಕನ ಕೈಯಲ್ಲಿ ಒಡೆಸುತ್ತಾರೆ, ಆಮೇಲೆ ಅವನಿಗೆ ಒಂದು ಗ್ಲಾಸ್ ಪಾಸ್ಟಿಸ್ ಮದ್ಯ ಕುಡಿಸುತ್ತಾರೆ. ಫ್ಲೋರಿಯಾನ್ ಸುತ್ತಿಗೆ ಹಿಡಿದು ನನ್ನ ಕಡೆ ಬಂದ. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡು ರೇಜಿಸ್ ಅವರ ಎಡಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಕುರ್ಚಿಯನ್ನು ಕಾರಿನ ಪಕ್ಕಕ್ಕೆ ತಳ್ಳಿದೆ. "ಹೊಡೀರಿ. ನಿಮ್ಮದೇ ಅಲ್ವಾ?" ಎಂದೆ. ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳು, "ಅಯ್ಯೋ, ಇವಳೆಂಥ ಹೆಂಗಸಪ್ಪಾ" ಎಂದದ್ದು ನನಗೆ ಕೇಳಿಸಿತು.

ರೇಜಿಸ್ ಹೊಡೆದರು. ಮೊದಲ ಏಟಿಗೇ ಗಾಜು ಉದುರಿತು. ಇನ್ನೊಂದು ಗಾಜಿಗೂ ತಾವೇ ಕೈ ಚಾಚಿದರು. ನಕ್ಕರು. ಬಾಯಿಯ ಒಂದು ಕಡೆಯಿಂದ ಜೊಲ್ಲು ಸುರಿಯುವಷ್ಟು ನಕ್ಕರು. ಪಂದ್ಯದಲ್ಲಿ ಆ ಕಾರು ಎರಡು ಸಲ ಮಗುಚಿತು, ಒಂದು ಹಳೇ ಪೂಜೋ ಕಾರು ಅದರ ಬೆನ್ನು ಮುರಿಯಿತು, ಇವರು ತೊಡೆ ತಟ್ಟಿ ತಟ್ಟಿ ನಕ್ಕರು. ಫ್ಲೋರಿಯಾನ್‌ನ ಸ್ನೇಹಿತರು ಇವರನ್ನು ನೋಡಿ, ಇವರು ಅವರನ್ನು ನೋಡಿ, ಎಲ್ಲರೂ ನಗುತ್ತಿದ್ದರು. ನಾನೊಬ್ಬಳೇ ಆಲೂಗೆಡ್ಡೆ ಕರಿದ ಪೊಟ್ಟಣ ಹಿಡಿದು ನಿಂತಿದ್ದೆ. ತಣ್ಣಗಾಯಿತು, ಎಸೆದೆ.

ಮರುದಿನ ಬೆಳಿಗ್ಗೆ ಒಬ್ಬಳೇ ಹೊಲಕ್ಕೆ ಹೋದೆ. ಮುರಿದ ಕಾರುಗಳನ್ನು ಗುಜರಿಯವನು ಲಾರಿಗೆ ಏರಿಸುತ್ತಿದ್ದ. ಬಿಳಿ ಕಾರಿನ ಟರ್ಬೊ ಎಲ್ಲಿದೆ ತೋರಿಸು ಎಂದು ಕೇಳಿದೆ. ಅವನು ಬಾನೆಟ್ ಎತ್ತಿ, "ಟರ್ಬೊನಾ? ಯಾವ ಟರ್ಬೊ ಮೇಡಂ? ಇದು ಸಾದಾ ರೆನೋ 5. ಅಜ್ಜಿಯರು ಸಂತೆಗೆ ಹೋಗ್ತಿದ್ರಲ್ಲಾ, ಅದು. ಬಂಪರ್ ಬೇರೆ ಹಾಕಿದಾರೆ, ಅಷ್ಟೇ. ಜಿಟಿದಕ್ಕೆ ಬಾನೆಟ್ ಮೇಲೇ ಗಾಳಿಕಿಂಡಿ ಇರುತ್ತೆ, ಕುರುಡನಿಗೂ ಗೊತ್ತಾಗುತ್ತೆ" ಎಂದ. ನಾನೇ ಹಾಕಿದ ಜಾಹೀರಾತಿನ ಫೋಟೊಗಳನ್ನು ಫೋನಿನಲ್ಲಿ ತೆಗೆದು ನೋಡಿದೆ. ಗಾಳಿಕಿಂಡಿ ಇತ್ತು. ಮೂವತ್ತಾರು ವರ್ಷ ಆ ಕಾರನ್ನು ದ್ವೇಷಿಸಿದ್ದೇನೆ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಅವನ ಎದುರಿಗೆ ನನಗೆ ಎಷ್ಟು ಅವಮಾನವಾಯಿತೆಂದರೆ, ಮನೆಗೆ ಬರುವವರೆಗೆ ಕಿವಿ ಸುಡುತ್ತಿತ್ತು.

ಆಗಸ್ಟ್ 17ರ ಗುರುವಾರ ಎಂದಿನಂತೆ ಫ್ಲೋರಿಯಾನ್ ಬಂದು ರೇಜಿಸ್ ಅವರನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದ. ನಾನು ಹಿಂದೆಯೇ ನನ್ನ ಕಾರಿನಲ್ಲಿ ಹೊರಟೆ. ವ್ಯಾನು ಪಟ್ಟಣದ ಕಡೆ ತಿರುಗಲಿಲ್ಲ. ಊರಾಚೆ ಅವನ ವರ್ಕ್‌ಶಾಪಿನ ಹಿಂದಿನ ಶೆಡ್ಡಿಗೆ ಹೋಯಿತು. ಆಮೇಲೆ ಗೊತ್ತಾಯಿತು, ಚಿಕಿತ್ಸೆಯ ಹೊತ್ತನ್ನು ಅವನು ಬೆಳಿಗ್ಗೆಯಿಂದ ಸಂಜೆಗೆ ಬದಲಿಸಿಕೊಂಡಿದ್ದ. ಅದಕ್ಕೆ ಮೊದಲಿನ ಹೊತ್ತನ್ನೆಲ್ಲ ಇಲ್ಲಿ ಕಳೆಯುತ್ತಿದ್ದರು. ಶೆಡ್ಡಿನ ಬಾಗಿಲ ಸಂದಿಯಿಂದ ನೋಡಿದೆ. ಬಿಳಿ ಕಾರು ಇತ್ತು, ಒಂದು ಗೀರಿಲ್ಲದೆ. ರೇಜಿಸ್ ಚಾಲಕನ ಸೀಟಿನಲ್ಲಿ ಎಡಗೈಯನ್ನು ಸ್ಟೀರಿಂಗ್ ಮೇಲಿಟ್ಟು ಕೂತಿದ್ದರು. ಎಂಜಿನ್ ಓಡುತ್ತಿತ್ತು. ಫ್ಲೋರಿಯಾನ್ ಬಾನೆಟ್ಟಿನೊಳಗೆ ತಲೆ ಹಾಕಿ ಸ್ಕ್ರೂ ತಿರುಗಿಸುತ್ತಾ, ಇಷ್ಟು ಸಾಕಾ, ಇನ್ನೂ ಬೇಕಾ ಎಂದು ಕೇಳುತ್ತಿದ್ದ. ರೇಜಿಸ್ ಕಿವಿಗೊಟ್ಟು ಕೇಳಿ, "ನಿಧಾನ" ಎಂದರು. ಸ್ವಲ್ಪ ಹೊತ್ತಿಗೆ, "ಆಂ, ಸಾಕು" ಎಂದರು.

ಮಾತು. ಒಂಬತ್ತು ತಿಂಗಳಿಂದ ಉಣ್ಣಿಸಿ, ಒರೆಸಿ, ಬಟ್ಟೆ ಬದಲಿಸಿದ ನನಗೆ ಒಂದಕ್ಷರವಿಲ್ಲ, ಆ ಎಂಜಿನ್ನಿಗೆ ಮಾತು. ನಾನು ಬಾಗಿಲು ತಳ್ಳಿ ಒಳಗೆ ಹೋದೆ. ರೇಜಿಸ್ ನನ್ನನ್ನು ನೋಡಿ ಬಾಯಿ ಮುಚ್ಚಿದರು.

ಫ್ಲೋರಿಯಾನ್ ಕೈ ಒರೆಸಿಕೊಳ್ಳುತ್ತಾ ನಮ್ಮಿಬ್ಬರ ಮಧ್ಯೆ ಬಂದು ನಿಂತ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಸುತ್ತೇನೆ: "ಒಡೀಲಮ್ಮ, ಬೈಯ್ಯೋದಿದ್ರೆ ನನ್ನ ಬೈಯ್ರಿ. ನಾವು ಗುದ್ದಿಸೋದು ಸತ್ತ ಗಾಡಿಗಳನ್ನ. ಇದಿನ್ನೂ ಬದುಕಿದೆ. ನನ್ನ ಕೈಲಾಗ್ಲಿಲ್ಲ. ನಿಮ್ಮ ಮನಸ್ಸಿಗೂ ಸಮಾಧಾನ ಆಗ್ಲಿ, ಇವರಿಗೂ ನೋವಾಗದೇ ಇರ್ಲಿ ಅಂತ ಹಿಂಗೆ ಮಾಡಿದ್ವಿ." ಇವರಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಜೂನ್‌ನಿಂದಲೇ ಗೊತ್ತು ಎಂದ. ಅಂದರೆ ಎರಡು ತಿಂಗಳು ನನ್ನ ಮನೆಯಲ್ಲಿ ನನ್ನ ಸೂಪು ಕುಡಿದುಕೊಂಡು ನನ್ನನ್ನೇ ನೋಡಿ ಒಳಗೊಳಗೆ ನಗುತ್ತಿದ್ದರು.

ಆಗ ಕಾರಿನ ಚಕ್ರದ ಮೇಲೆ ಒಣಗಿದ ಕೆಸರು ಕಂಡಿತು. ಇದೇನು ಎಂದೆ. ಹೋದ ವಾರ ಹೊರಗೆ ಹೋಗಿದ್ದೆವು, ದಾರಿಯಲ್ಲಿ ಮಳೆ ಸಿಕ್ಕಿತು ಎಂದ ಫ್ಲೋರಿಯಾನ್. "ನಾನು ವಾಪಸ್ ತಿರುಗಿಸಕ್ಕೆ ಹೋದೆ. ಇವರೇ ಕೈ ತೋರ್ಸಿದ್ರು, ಹೋಗು ಹೋಗು ಅಂತ. ಖುಷಿಯಾಗಿದ್ರು ಒಡೀಲಮ್ಮ, ನೀವು ನೋಡ್ಬೇಕಿತ್ತು" ಎಂದ. ಪಾಪ, ಅವನಿಗೆ ನನ್ನ ತಾಯಿಯ ವಿಷಯ ಗೊತ್ತಿಲ್ಲ. ರೇಜಿಸ್‌ಗೆ ಗೊತ್ತು. ನಾನು ಅವರ ಕಡೆ ನೋಡಿದೆ. ಅವರು ಸ್ಟೀರಿಂಗ್ ನೋಡುತ್ತಿದ್ದರು.

ಶುಕ್ರವಾರ ಇದೇ ಠಾಣೆಗೆ ಬಂದು ಕಾರನ್ನು ವಶಕ್ಕೆ ತೆಗೆದುಕೊಂಡು ಪುಡಿ ಮಾಡಿಸಬೇಕೆಂದು ಕೇಳಿಕೊಂಡೆ. ಪತ್ರಕ್ಕೆ ಗೆರೆ ಎಳೆದು ಸಹಿ ಹಾಕಿದ ಮೇಲೆ ಕಾರು ಅವನದು, ಅವನು ಒಡೆಯಬಹುದು, ಇಟ್ಟುಕೊಳ್ಳಬಹುದು, ಅದಕ್ಕೆ ಹೂವಿನ ಹಾರ ಹಾಕಬಹುದು, ಕಾನೂನಿಗೆ ಸಂಬಂಧವಿಲ್ಲ ಎಂದು ತಿಳಿಸಿದರು. ಯಾರ ಕೈಯಲ್ಲಿ ಕಾಗದವಿದೆಯೋ ತೀರ್ಮಾನ ಅವರದು ಎಂದರು. ಮಾತು ಸರಿಯಾಗಿತ್ತು. ಮನೆಗೆ ಹೋಗಿ ಅದರ ಮೇಲೆ ಯೋಚನೆ ಮಾಡಿದೆ.

ನನ್ನ ಕೈಯಲ್ಲೂ ಕಾಗದವಿದೆ, ನ್ಯಾಯಾಧೀಶರದು. ಶನಿವಾರ ಬ್ರೆಸ್ಟ್ ನಗರದ ಕಡೆಯ ಒಂದು ಆರೈಕೆ ಕೇಂದ್ರಕ್ಕೆ ಫೋನ್ ಮಾಡಿದೆ. ಇಲ್ಲಿಂದ ಎಂಟುನೂರು ಕಿಲೋಮೀಟರ್ ದೂರ, ಸಮುದ್ರದ ದಂಡೆ. ಒಂದು ಹಾಸಿಗೆ ಖಾಲಿ ಇತ್ತು. ಹೆಂಡತಿಯನ್ನು ಬಿಟ್ಟು ಬೇರೆ ಯಾರನ್ನೂ ಭೇಟಿಗೆ ಬಿಡಬಾರದು ಎಂದು ಹೇಳಿದೆ, ಬರೆದುಕೊಂಡರು.

ನಿನ್ನೆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ರೇಜಿಸ್ ಅವರಿಗೆ ಇದನ್ನು ತಿಳಿಸಿದೆ. ಅವರಿಗಿಷ್ಟವಾದ ಹಂದಿಮಾಂಸ, ಎಲೆಕೋಸು ಬೇಯಿಸಿದ್ದೆ. ಮಂಗಳವಾರ ಆ್ಯಂಬುಲೆನ್ಸ್ ಬರುತ್ತದೆ, ಇನ್ನು ಗುರುವಾರಗಳಿಲ್ಲ, ಫ್ಲೋರಿಯಾನ್ ಇಲ್ಲ, ಶೆಡ್ಡಿಲ್ಲ ಎಂದೆ. ಅವರ ಚಮಚ ತಟ್ಟೆಗೆ ಬಿತ್ತು. ಎಡಗೈಯಲ್ಲಿ ನನ್ನ ತೋಳು ಹಿಡಿದುಕೊಂಡರು. ಬಾಯಿ ತುಂಬಾ ಹೊತ್ತು ಒದ್ದಾಡಿತು. ಕಣ್ಣಿಂದ ನೀರು ಬಂತು. ಆಮೇಲೆ, "ಬೇಡ, ಒಡೀಲ್" ಎಂದರು.

ಸ್ಪಷ್ಟವಾಗಿತ್ತು. ಮಾತಿನ ಚಿಕಿತ್ಸೆ ಫಲ ಕೊಟ್ಟಿದೆ ಎಂದು ವೈದ್ಯರಿಗೆ ತಿಳಿಸಬಹುದು.

ಇಷ್ಟು ಬರೆದ ಮೇಲೆ ಅಧಿಕಾರಿ ಪೆನ್ನು ಕೆಳಗಿಟ್ಟು, ನೀವು ಬಯಸಿದ್ದು ನಿಮಗೆ ಸಿಕ್ಕಿತಲ್ಲ, ಇನ್ನಾದರೂ ಆ್ಯಂಬುಲೆನ್ಸ್ ಬೇಡವೆಂದು ಫೋನ್ ಮಾಡಬಹುದಲ್ಲ ಎಂದು ಕೇಳಿದ್ದಾರೆ. ಅದು ಅವರ ಕೆಲಸವಲ್ಲ, ಆದರೂ ಉತ್ತರ ಕೊಡುತ್ತೇನೆ. ನಾನು ರೇಜಿಸ್ ಅವರಿಗೆ ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಮತ್ತೆ ಹೇಳಿ ಎಂದೆ. ಹೇಳಿದರು. ಊಟ ಮುಗಿಯುವವರೆಗೆ ಹೇಳಿಸಿದೆ. ಮದುವೆಯಾದಾಗಿನಿಂದ ಅವರು ಅಷ್ಟು ಸಲ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಪ್ರತಿ ಸಲ ಕರೆದಾಗಲೂ ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಾಯಿ ಒರೆಸಿ ಮಲಗಿಸಿ, ಅವರ ಪೆಟ್ಟಿಗೆ ಕಟ್ಟಿದೆ. ಆ್ಯಂಬುಲೆನ್ಸ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ, ಒಂದಕ್ಷರವನ್ನೂ ತೆಗೆಯುವುದಿಲ್ಲ.

ಸ್ಥಳ: ವೋಬ್ರೇ ಠಾಣೆ
ದಿನಾಂಕ: 21 ಆಗಸ್ಟ್ 2023, ಸೋಮವಾರ
ಸಹಿ: ಒಡೀಲ್ ಮೂಜೋ